ಮೀರ್ ಜುಮ್ಲಾ

ಮೀರ್ ಜುಮ್ಲಾ (ಸು. 1591–1663): ಮೊಗಲ್ ದಂಡನಾಯಕ, ಬಂಗಾಳದ ಸುಬೇದಾರ. ನಿಜನಾಮ ಮೀರ್ ಮಹಮ್ಮದ್ ಸಯೀದ್. ಇರಾನಿನ ಅರ್ದಿಸ್ತಾನದವನು, ಎಣ್ಣೆ ವ್ಯಾಪಾರಿಯ ಮಗ. ವಜ್ರದ ವರ್ತಕನೊಬ್ಬನ ಸೇವೆಯಲ್ಲಿ ಗೋಲ್ಕೊಂಡಕ್ಕೆ ಬಂದು, ತಾನೇ ಗಣಿ, ಹಡಗುಗಳ ಒಡೆಯನಾದ. ಅಲ್ಲಿನ ಸುಲ್ತಾನ ಅಬ್ದುಲ್ಲಾ ಕುತುಬ್ ಷಾ ಕೊಟ್ಟ ಪದವಿಯೇ ಅವನ ಹೆಸರಾಗಿ ಉಳಿಯಿತು.

ಅವನ ಏಳಿಗೆಗೆ ಕತ್ತಿಯಷ್ಟೇ ಲೆಕ್ಕಪತ್ರವೂ ಕಾರಣ. ವಿಜಯನಗರದ ಅರವೀಡು ಅರಸರ ಕೈತಪ್ಪುತ್ತಿದ್ದ ಸೀಮೆಗಳನ್ನು ಗೆದ್ದು, ಪೆನ್ನಾರ್ ದಂಡೆಯ ಗಂಡಿಕೋಟೆಯನ್ನೂ ಹಿಡಿದ. 1652ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆ, ನವಾಬನೆನಿಸಿದ್ದ ಮೀರ್ ಜುಮ್ಲಾ ಬರಿಗಾಲಲ್ಲಿ ಕೂತು, ಕಾಲ್ಬೆರಳುಗಳ ಸಂದಿಯಲ್ಲೂ ಎಡಗೈ ಬೆರಳುಗಳ ಸಂದಿಯಲ್ಲೂ ಕಾಗದಗಳನ್ನು ಸಿಕ್ಕಿಸಿಕೊಂಡು ಉತ್ತರ ಬರೆಸುತ್ತಿದ್ದುದನ್ನು ವರ್ಣಿಸಿದ್ದಾನೆ.

ಇಂಥ ಸೇವಕನನ್ನು ಕಂಡು ಸುಲ್ತಾನ ದಿಗಿಲುಬಿದ್ದದ್ದು ಸಹಜ. 1655ರಲ್ಲಿ ಮಗ ಮಹಮ್ಮದ್ ಅಮೀನ್ ಸೆರೆಯಾದಾಗ ಮೀರ್ ಜುಮ್ಲಾ ಮೊಗಲರ ಪಕ್ಷ ಸೇರಿದ. ಮೊಗಲ್ ಚಕ್ರವರ್ತಿ ಷಾಜಹಾನ್ ಅವನಿಗೆ ಮುಅಜ್ಜಂ ಖಾನ್ ಎಂಬ ಬಿರುದನ್ನೂ ದಿವಾನಗಿರಿಯನ್ನೂ ಕೊಟ್ಟ.

1657ರಲ್ಲಿ ಷಾಜಹಾನನ ಮಗ ಔರಂಗಜೇಬನೊಡನೆ ಬೀದರಿಗೆ ಮುತ್ತಿಗೆ ಹಾಕಿದ. ಬಿಜಾಪುರದ ಕಿಲ್ಲೇದಾರ ಸೀದಿ ಮರ್ಜಾನ್ ಮಣಿಯಲಿಲ್ಲ. ಕೊನೆಗೆ ಮದ್ದಿನ ರಾಶಿಗೆ ಕಿಡಿ ಬಿದ್ದು ಸಿಡಿದಾಗ ಅವನೂ ಮಕ್ಕಳೂ ಸುಟ್ಟು ಗಾಯಗೊಂಡರು, ಕೋಟೆ ಶರಣಾಯಿತು. ಅದೇ ವರ್ಷ ಕಲ್ಯಾಣವೂ ಬಿತ್ತು.

ಷಾಜಹಾನನ ಮಕ್ಕಳ ಸಿಂಹಾಸನದ ಕಲಹದಲ್ಲಿ ಔರಂಗಜೇಬನ ಪರವಾಗಿ ಅವನ ಸೋದರ ಷೂಜಾನನ್ನು ಖಜ್ವಾ ಕದನದಿಂದ ಬಂಗಾಳದುದ್ದಕ್ಕೂ ಬೆನ್ನಟ್ಟಿ ಅರಾಕಾನಿಗೆ ಓಡಿಸಿದ ಮೀರ್ ಜುಮ್ಲಾನಿಗೆ 1660ರಲ್ಲಿ ಬಂಗಾಳದ ಸುಬೇದಾರಿ ದೊರೆಯಿತು. ರಾಜಧಾನಿಯನ್ನು ರಾಜಮಹಲಿನಿಂದ ಮತ್ತೆ ಢಾಕಾಕ್ಕೆ ತಂದ. ಅರಾಕಾನಿನ ಮಗ್ ಹಾಗೂ ಪೋರ್ಚುಗೀಸ್ ಕಡಲ್ಗಳ್ಳರ ಹಾವಳಿ ತಡೆಯಲು ಕಟ್ಟಿಸಿದನೆನ್ನುವ ಇದ್ರಾಕ್‌ಪುರ ಕೋಟೆ ಈಗಿನ ಮುನ್ಷಿಗಂಜಿನಲ್ಲಿದೆ.

1661ರ ಕೊನೆಯಲ್ಲಿ ಕೂಚ್ ಬಿಹಾರವನ್ನು ಗೆದ್ದು, ಮರುವರ್ಷ ಮಾರ್ಚಿಯಲ್ಲಿ ಅಸ್ಸಾಮನ್ನಾಳುತ್ತಿದ್ದ ಅಹೋಮರ ರಾಜಧಾನಿ ಗಢ್‌ಗಾಂವ್ ಹೊಕ್ಕ. ಅರಸ ಜಯಧ್ವಜ ಸಿಂಹ ಕಾಡು ಸೇರಿದ್ದ. ಮಳೆಗಾಲ ಬಂತು. ದವಸ ತರಬೇಕಿದ್ದ ದೋಣಿಪಡೆ ಹಿಂದೆ ಲಖಾವಿನಲ್ಲೇ ಉಳಿದಿತ್ತು; ನೆರೆಯಿಂದ ಶಿಬಿರಗಳು ದ್ವೀಪಗಳಾದವು, ಅಹೋಮರು ರಾತ್ರಿಯ ದಾಳಿಗಳಿಂದ ದಾರಿ ಮುರಿದರು, ಜ್ವರ ಭೇದಿಗಳು ಸೈನ್ಯವನ್ನು ತಿಂದವು. ಸರಬರಾಜಿನಲ್ಲಿ ಪಳಗಿದವನು ಅನ್ನಕ್ಕೇ ಸಿಕ್ಕಿಬಿದ್ದ. ಜೊತೆಗಿದ್ದ ಷಿಹಾಬುದ್ದೀನ್ ತಾಲಿಷ್ ಈ ದುರ್ದೆಸೆಯನ್ನು ಪಾರಸಿಯಲ್ಲಿ ದಾಖಲಿಸಿದ್ದಾನೆ.

1663ರ ಜನವರಿಯ ಘಿಲಾಝಾರಿಘಾಟ್ ಒಪ್ಪಂದದಂತೆ ಅಹೋಮರು ಆನೆ, ಚಿನ್ನ, ಬೆಳ್ಳಿ ಒಪ್ಪಿಸಲು ಒಡಂಬಟ್ಟರು; ರಾಜಕುಮಾರಿಯನ್ನೂ ಮೊಗಲರ ಅಂತಃಪುರಕ್ಕೆ ಕಳಿಸಿದರು. ಕಾಯಿಲೆ ಬಿದ್ದ ಮೀರ್ ಜುಮ್ಲಾ ಮಾರ್ಚಿ ಕೊನೆಯಲ್ಲಿ ಢಾಕಾಕ್ಕೆ ಮರಳುವ ದಾರಿಯಲ್ಲೇ ತೀರಿಕೊಂಡ. ಗೋರಿ ಅಸ್ಸಾಮಿನ ಮಾನ್‌ಕಾಚಾರಿನಲ್ಲಿದೆ. ಮೊಗಲರ ವಶವಾಗಿದ್ದ ಗುವಾಹಟಿಯನ್ನು 1667ರಲ್ಲಿ ಅಹೋಮರು ಮರಳಿ ಪಡೆದರು.