'ನೋವಾ' ಕಾರು ಹೆಸರಿನಿಂದಾಗಿ ಸೋತಿತೇ?

ನಿಮಗೂ ಈ ಸಂದೇಶ ಬಂದಿರಬಹುದು: ಅಮೆರಿಕದ ಷೆವರ್ಲೆ ಕಂಪನಿ 'ನೋವಾ' ಎಂಬ ಕಾರನ್ನು ಮೆಕ್ಸಿಕೋದಲ್ಲಿ ಮಾರಲು ಹೋಯಿತು. ಸ್ಪ್ಯಾನಿಷ್‌ನಲ್ಲಿ 'ನೋ ವಾ' ಎಂದರೆ 'ಓಡುವುದಿಲ್ಲ'. ಹಾಗಾಗಿ ಯಾರೂ ಕೊಳ್ಳಲಿಲ್ಲ!

ಇದು ಸುಳ್ಳು. ಮೆಕ್ಸಿಕೋ, ವೆನೆಜುವೆಲಾಗಳಲ್ಲಿ ನೋವಾ ಅದೇ ಹೆಸರಿನಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ತನ್ನ ಪೆಟ್ರೋಲಿಗೇ 'ನೋವಾ' ಎಂದು ಹೆಸರಿಟ್ಟಿತ್ತು. ಉಚ್ಚಾರಣೆಯಲ್ಲಿ ಒತ್ತು ಬೀಳುವ ಜಾಗವೇ ಬೇರೆಯಾದ್ದರಿಂದ ಸ್ಪ್ಯಾನಿಷ್ ಬಲ್ಲವರಿಗೆ ಈ ಎರಡು ಒಂದೇ ಅನ್ನಿಸುವುದಿಲ್ಲ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾವನ್ನೇ ನೋಡಿ. ಅದರಲ್ಲಿ 'ನೋವಾ?' ಎಂಬ ಪ್ರಶ್ನೆ ಇದೆಯೆಂದು ಯಾರಾದರೂ ಕಾರು ಬೇಡವೆಂದಿದ್ದಾರೆಯೇ?

ಹಾಗಾದರೆ ವಿದೇಶಿ ವ್ಯವಹಾರಕ್ಕೆ ಸಂಸ್ಕೃತಿಯ ಅಂತರ ಅಡ್ಡಿಯಾಗುವುದಿಲ್ಲವೇ? ಆಗುತ್ತದೆ, ಆದರೆ ಫಾರ್ವರ್ಡ್‌ಗಳು ಹೇಳುವ ರೀತಿಯಲ್ಲಲ್ಲ.

1970ರ ದಶಕದಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ವೋಲ್ವೋ ಸೇರಿದಂತೆ ತಮ್ಮ ದೇಶದ ನಾಲ್ಕು ಕಂಪನಿಗಳು ಹೊರಗೆ ಹೇಗೆ ಬೆಳೆದವೆಂದು ಅಧ್ಯಯನ ಮಾಡಿದರು. ಭಾಷೆ, ಶಿಕ್ಷಣ, ವ್ಯಾಪಾರದ ರೀತಿ ಬೇರೆಯಾದಷ್ಟೂ ಎರಡು ದೇಶಗಳ ನಡುವೆ ಮಾಹಿತಿ ಸರಿಯಾಗಿ ಹರಿಯುವುದಿಲ್ಲ. ಇದನ್ನು 'ಮಾನಸಿಕ ದೂರ' ಎನ್ನುತ್ತಾರೆ. ಇದು ಕಿಲೋಮೀಟರ್ ಲೆಕ್ಕವಲ್ಲ. ಇಂಗ್ಲೆಂಡಿಗೆ ಆಸ್ಟ್ರೇಲಿಯಾ ಹತ್ತಿರ; ಅಮೆರಿಕಕ್ಕೆ ಪಕ್ಕದ ಕ್ಯೂಬಾ ದೂರ.

ವಿಚಿತ್ರವೆಂದರೆ, ಹತ್ತಿರ ಅನ್ನಿಸುವ ದೇಶದಲ್ಲೇ ಹೆಚ್ಚು ಎಡವುವುದೂ ಉಂಟು. ಅಮೆರಿಕಕ್ಕೆ ಕಾಲಿಟ್ಟ ಕೆನಡಾದ 32 ಚಿಲ್ಲರೆ ಮಾರಾಟ ಕಂಪನಿಗಳಲ್ಲಿ ಯಶಸ್ವಿಯಾಗಿ ನಡೆಯುತ್ತಿದ್ದದ್ದು 7 ಮಾತ್ರ ಎಂದು 1996ರ ಅಧ್ಯಯನವೊಂದು ತೋರಿಸಿತು. 'ಅವರೂ ನಮ್ಮಂತೆಯೇ' ಎಂಬ ನಂಬಿಕೆಯಿಂದ ಅಲ್ಲಿನ ಗ್ರಾಹಕರನ್ನು ಸರಿಯಾಗಿ ಅರಿಯಲು ಹೋಗಿರಲಿಲ್ಲ. ಅಮೆರಿಕದ ಟಾರ್ಗೆಟ್ 2013ರಲ್ಲಿ ಕೆನಡಾಕ್ಕೆ ಹೋಗಿ, 2015ರಲ್ಲಿ ತನ್ನ 133 ಮಳಿಗೆಗಳನ್ನೂ ಮುಚ್ಚಿತು. ಅಲ್ಲಿ ಸರಕು ಪೂರೈಕೆಯ ಎಡವಟ್ಟೂ ದೊಡ್ಡದಿತ್ತೆನ್ನಿ.

ಮಾತುಕತೆಯ ಮೇಜಿನಲ್ಲಿ ಈ ದೂರ ಸಣ್ಣ ಮಾತುಗಳಲ್ಲಿ ಅಡಗಿರುತ್ತದೆ. ಜಪಾನೀ ಭಾಷೆಯ 'ಹಾಯ್' ಪದಕ್ಕೆ 'ಹೌದು' ಎಂಬ ಅರ್ಥವಿದೆ. ಆದರೆ ಎಷ್ಟೋ ಸಲ ಅದು ಕಥೆ ಕೇಳುವಾಗ ನಾವು ಹೂಂಗುಟ್ಟಿದಂತೆ, 'ಕೇಳಿಸಿಕೊಳ್ಳುತ್ತಿದ್ದೇನೆ' ಎಂದಷ್ಟೇ. 'ಸ್ವಲ್ಪ ಕಷ್ಟ' ಎಂದರೆ ಹೆಚ್ಚಾಗಿ ಇಲ್ಲವೆಂದೇ ಅರ್ಥ. ನಾವೇನು ಕಡಿಮೆಯೇ? 'ನೋಡೋಣ' ಎಂದು ಎಷ್ಟು ಜನರನ್ನು ಸಾಗಹಾಕಿಲ್ಲ! ಅದನ್ನು ಅಕ್ಷರಶಃ ನಂಬುವ ವಿದೇಶಿ ಗ್ರಾಹಕರು ನಿಜವಾಗಿಯೂ ಕಾಯುತ್ತಾ ಕೂರುತ್ತಾರೆ.

ನೀವು ವಿದೇಶದವರ ಜೊತೆ ಕೆಲಸ ಮಾಡುವವರಾದರೆ, 'ಒಪ್ಪಿಗೆಯೇ?' ಎಂದು ಕೇಳುವ ಬದಲು 'ಮುಂದಿನ ಹೆಜ್ಜೆ ಯಾರದು, ಯಾವ ದಿನಾಂಕದೊಳಗೆ?' ಎಂದು ಕೇಳಿ, ಉತ್ತರವನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ.