ಸಿಂಹಾಸನವಿಲ್ಲದ ನಾಡಿನ ಚಿತ್ರಶಾಲೆ

ಕ್ರಿ. ಶ. 1795ರಲ್ಲಿ ಪೋಲೆಂಡ್ ಎಂಬ ರಾಜ್ಯವು ಯೂರೋಪು ಖಂಡದ ಭೂಪಟದಿಂದ ಅಳಿದುಹೋಯಿತು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಎಂಬ ನೆರೆಯ ಪ್ರಭುತ್ವಗಳು 1772ರಿಂದ ಮೂರಾವರ್ತಿ ಅದನ್ನು ಹರಿದು ಹಂಚಿಕೊಂಡುವು. ಸ್ವಾತಂತ್ರ್ಯವು ಮರಳಿ ಬಂದುದು 1918ರಲ್ಲಿ. ನಡುವಣ 123 ವರ್ಷಗಳಲ್ಲಿ, ತನ್ನದೆಂಬ ಸಿಂಹಾಸನವಿಲ್ಲದ ಆ ಜನಾಂಗವು ತನ್ನ ಪೂರ್ವಸ್ಮೃತಿಯನ್ನು ಎಲ್ಲಿಟ್ಟು ಕಾಪಾಡಬೇಕಾಗಿದ್ದಿತು? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು, ಕ್ರಾಕೋ ನಗರದ ಫ್ಲೋರಿಯಾನ್ಸ್ಕಾ ಬೀದಿಯ ಮನೆಯೊಂದರ ಮೇಲಂತಸ್ತಿನಲ್ಲಿದ್ದ ಚಿತ್ರಶಾಲೆ.

ಆ ಮನೆಯಲ್ಲಿ 1838ರ ಜೂನ್ 24ರಂದು ಚಿತ್ರಕಾರನಾದ ಯಾನ್ ಮಾತೇಯ್ಕೊ ಜನಿಸಿದನು. ತಂದೆ ಚೆಕ್ ನಾಡಿನಿಂದ ಬಂದ ಸಂಗೀತೋಪಾಧ್ಯಾಯ. ತಾಯಿಯ ಮನೆತನದಲ್ಲಿ ಜರ್ಮನ್ ಸಂಬಂಧವಿದ್ದಿತು. ಆದರೂ ಪೋಲೆಂಡಿಗೆ ಅವನಿಗಿಂತ ಹೆಚ್ಚಿನ ಅಭಿಮಾನಿ ದೊರೆಯಲಿಲ್ಲ. ದೇಶಾಭಿಮಾನವು ಕುಲದಿಂದಲ್ಲ, ಸಂಸ್ಕಾರದಿಂದ ಬರುವುದೆಂಬುದಕ್ಕೆ ಇದೊಂದು ನಿದರ್ಶನ. 1863ರಲ್ಲಿ ರಷ್ಯಾದ ವಿರುದ್ಧ ದಂಗೆಯೆದ್ದಾಗ ಸೋದರರು ಯುದ್ಧಕ್ಕೆ ನಡೆದರು. ಮಂದದೃಷ್ಟಿಯವನಾದ ಯಾನ್ ಶಿಬಿರಕ್ಕೆ ಆಯುಧಗಳನ್ನು ಸಾಗಿಸಿಕೊಟ್ಟನು. ದಂಗೆಯು ಅಡಗಿಹೋಯಿತು. ಕುಂಚವೊಂದೇ ಅವನ ಪಾಲಿಗೆ ಉಳಿದ ಆಯುಧವಾಯಿತು.

ಅವನ ಚಿತ್ರಶಾಲೆಯನ್ನು ಹೊಕ್ಕವರಿಗೆ ಅದು ಚಿತ್ರಕಾರನ ಕೊಠಡಿಗಿಂತ ಹೆಚ್ಚಾಗಿ ಕಳೆದುಹೋದ ಅರಮನೆಯೊಂದರ ಉಗ್ರಾಣದಂತೆ ಕಾಣುತ್ತಿದ್ದಿರಬೇಕು. ಹಳೆಯ ಖಡ್ಗಗಳು, ಶಿರಸ್ತ್ರಾಣಗಳು, ಕವಚಗಳು, ಕುದುರೆಯ ಸಾಜುಗಳು, ಪುರಾತನ ವಸ್ತ್ರಗಳು—ಇವೆಲ್ಲವನ್ನೂ ಅವನು ಶ್ರದ್ಧೆಯಿಂದ ಸಂಗ್ರಹಿಸಿದ್ದನು. ಇಪ್ಪತ್ತೆರಡರ ಪ್ರಾಯದಲ್ಲಿಯೇ, 1860ರಲ್ಲಿ, ಪೋಲೆಂಡಿನ ಪೂರ್ವಕಾಲದ ಉಡುಗೆತೊಡುಗೆಗಳ ಚಿತ್ರಸಂಪುಟವನ್ನು ಹೊರಡಿಸಿದನು. ಪಟಗಳಲ್ಲಿನ ರಾಜರಾಣಿಯರಿಗೆ ಮನೆಯವರ ಮುಖಗಳೇ ಮಾದರಿಯಾದವು. 1882ರ ‘ಪ್ರಷ್ಯಾದ ಶರಣಾಗತಿ’ ಎಂಬ ಪಟದಲ್ಲಿ ಬೋನಾ ರಾಣಿಗೆ ಹೆಂಡತಿ ತೆಯೋದೋರಳ ರೂಪವಿದೆ. 1862ರ ‘ಸ್ತಾಂಚಿಕ್’ ಚಿತ್ರದಲ್ಲಿ, ಅರಮನೆಯ ನರ್ತನೋತ್ಸವದಿಂದ ದೂರ ಸರಿದು, ಸ್ಮೋಲೆನ್ಸ್ಕ್ ಕೋಟೆ ಕೈಬಿಟ್ಟ ವಾರ್ತೆಗೆ ಒಬ್ಬನೇ ಕುಳಿತು ಕೊರಗುವ ವಿದೂಷಕನಿಗೆ ಅವನು ತನ್ನ ಮುಖವನ್ನೇ ಕೊಟ್ಟನು. ಎಲ್ಲರೂ ಕುಣಿಯುತ್ತಿರುವಾಗ ನಗಿಸಬೇಕಾದವನೊಬ್ಬನೇ ಅಳುವನು!

ಈ ಸಂಗ್ರಹವೆಲ್ಲವೂ ಪೂರ್ವವೈಭವದ ಸ್ತುತಿಗಾಗಿಯೇ ಇದ್ದಿತೆಂದು ಭಾವಿಸಿದರೆ ತಪ್ಪಾದೀತು. 1866ರ ‘ರೇಯ್ತಾನ್’ ಎಂಬ ಪಟವು ಇದಕ್ಕೆ ಸಾಕ್ಷಿ. 1773ರಲ್ಲಿ, ಮೊದಲನೆಯ ವಿಭಜನೆಗೆ ಒಪ್ಪಿಗೆಯನ್ನೀಯಲು ವಾರ್ಸಾ ನಗರದಲ್ಲಿ ಮಹಾಸಭೆ ಸೇರಿದ್ದಾಗ, ತಾದೇವುಷ್ ರೇಯ್ತಾನನೆಂಬ ಪ್ರತಿನಿಧಿಯು ಬಾಗಿಲಿಗೆ ಅಡ್ಡಬಿದ್ದು ಉಳಿದವರನ್ನು ತಡೆದನು. ಪಟದಲ್ಲಿ ಅವನು ಎದೆ ತೆರೆದು ನೆಲದ ಮೇಲೆ ಬಿದ್ದಿದ್ದಾನೆ. ಎದುರಿಗೆ ಪೋನಿಂಸ್ಕಿ ಮೊದಲಾದ ಸ್ವದೇಶದ ಶ್ರೀಮಂತರು. ಗೋಡೆಯ ಮೇಲೆ ರಷ್ಯಾದ ರಾಣಿ ಕ್ಯಾಥರಿನಳ ಭಾವಚಿತ್ರ. ನಾಡನ್ನು ಕೊಂದವರು ಪರಕೀಯರು ಮಾತ್ರವಲ್ಲ, ಮನೆಯೊಳಗಿನವರೂ ಹೌದೆಂಬ ಈ ತೀರ್ಪು ಅನೇಕ ಕುಲೀನರಿಗೆ ಸಹ್ಯವಾಗಲಿಲ್ಲ. ಅದೇ ಪಟಕ್ಕೆ 1867ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಸುವರ್ಣಪದಕವು ದೊರೆಯಿತು. ಕೊಂಡವನಾದರೋ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಯೋಸೆಫ್. ವಿಭಜನೆಯಲ್ಲಿ ಪಾಲು ಪಡೆದ ಮನೆತನದವನೇ!

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮರು ತಮ್ಮ ಹಿಂದಿನ ಕಷ್ಟಗಳನ್ನು ಚಿತ್ರಗಳಲ್ಲಿ ನೋಡಿ, ಅವು ಈಗಲೇ ನಡೆಯುತ್ತಿರುವುವೆಂಬಂತೆ ಮರುಗುವರಷ್ಟೆ. ಮಾತೇಯ್ಕೊವಿನ ಪಟಗಳ ಮುಂದೆ ನಿಂತ ಪೋಲಿಷ್ ಜನರಿಗೂ ಅಂತಹ ಅನುಭವವೇ ಆಗಿರಬೇಕು. ಆದರೆ ಅವನ ಪಟಗಳನ್ನು ಅಕ್ಷರಶಃ ಚರಿತ್ರೆಯೆಂದು ಓದಬಾರದು. ಬೇರೆ ಬೇರೆ ಕಡೆಯಿದ್ದ ವ್ಯಕ್ತಿಗಳನ್ನು ಒಂದೇ ಸಭೆಯಲ್ಲಿ ನಿಲ್ಲಿಸಲು ಅವನು ಹಿಂಜರಿಯಲಿಲ್ಲ. ವಸ್ತ್ರಾಯುಧಗಳಲ್ಲಿ ಅವನಿಗೆ ಬೇಕಾಗಿದ್ದುದು ಯಾಥಾರ್ಥ್ಯ. ಘಟನೆಯಲ್ಲಿ ಬೇಕಾಗಿದ್ದುದು ಅದರ ಅರ್ಥ.

1410ರ ಗ್ರುನ್ವಾಲ್ಡ್ ಯುದ್ಧದಲ್ಲಿ ಜರ್ಮನ್ ಧರ್ಮಯೋಧರ ಸಂಘವು ಸೋತುದನ್ನು ವರ್ಣಿಸುವ ಪಟವು 1878ರಲ್ಲಿ ಮುಗಿಯಿತು. ಅದರ ಅಗಲ ಸುಮಾರು 10 ಮೀಟರು, ಎತ್ತರ 4 ಮೀಟರಿಗೂ ಮಿಗಿಲು. ಅದೇ ವರ್ಷ ಕ್ರಾಕೋ ನಗರಸಭೆಯವರು ಅವನಿಗೆ ರಾಜದಂಡವೊಂದನ್ನು ಅರ್ಪಿಸಿದರು. ಅರಸರಿಲ್ಲದ ಕಾಲದಲ್ಲಿ ಕಲೆಯೇ ಆಳತಕ್ಕುದೆಂಬುದು ಅದರ ಭಾವ.

1873ರಿಂದ ಕ್ರಾಕೋ ಕಲಾಶಾಲೆಯ ಮುಖ್ಯಸ್ಥನಾಗಿದ್ದ ಮಾತೇಯ್ಕೊ 1893ರ ನವೆಂಬರ್ 1ರಂದು ತೀರಿಕೊಂಡನು. 1898ರಲ್ಲಿ ಅವನ ಮನೆಯು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಗ್ರುನ್ವಾಲ್ಡ್ ಪಟವನ್ನು ಹಿಡಿದು ಕೊಡುವವರಿಗೆ ಭಾರಿ ಬಹುಮಾನವನ್ನು ಸಾರಿದರು. ಪೋಲಿಷರು ಅದನ್ನು ಲುಬ್ಲಿನ್ ನಗರದ ಬಳಿ ನೆಲದಲ್ಲಿ ಹುದುಗಿಸಿಟ್ಟಿದ್ದರು, ಗುಟ್ಟು ಹೊರಬೀಳಲಿಲ್ಲ. 1944ರಲ್ಲಿ ಪಟವು ಮತ್ತೆ ಬೆಳಕನ್ನು ಕಂಡಿತು. ಬಟ್ಟೆಯ ಮೇಲಿನ ಬಣ್ಣಕ್ಕೆ ಬಲಿಷ್ಠ ಸೇನೆಯೊಂದು ಇಷ್ಟು ಅಂಜಿತೆಂದರೆ, ಆ ಮೇಲಂತಸ್ತಿನ ಕೊಠಡಿಯಲ್ಲಿ ಕೂಡಿಟ್ಟುದು ಬರಿಯ ಹಳೆಯ ಸಾಮಾನಲ್ಲವೆಂಬುದು ಸಿದ್ಧಿಸಿದಂತಾಯಿತು.