ಸಹವ್ರತಿಗಳ ಸಂಗ

ಮದ್ಯವನ್ನು ಬಿಡುವುದು ಸುಲಭವಲ್ಲ. ಬಿಟ್ಟುದನ್ನು ಉಳಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟ. 1935ರಲ್ಲಿ ಅಮೆರಿಕದ ಅಕ್ರಾನ್ ನಗರಕ್ಕೆ ಬಂದಿದ್ದ ಬಿಲ್ ವಿಲ್ಸನ್ ಎಂಬಾತನಿಗೆ, ಕುಡಿತವನ್ನು ಬಿಟ್ಟು ಐದು ತಿಂಗಳಾದ ಮೇಲೆ, ಹಳೆಯ ದಾಹವು ಮರುಕೊಳಿಸಿತು. ಆತನು ಪಾನಗೃಹಕ್ಕೆ ಬೆನ್ನುಮಾಡಿ ಮತ್ತೊಬ್ಬ ವ್ಯಸನಿಯನ್ನು ಅರಸಿದನು. ಶಸ್ತ್ರವೈದ್ಯ ಬಾಬ್ ಸ್ಮಿತ್ ದೊರೆತನು. ಅವರಿಬ್ಬರ ಸಂಭಾಷಣೆಯಿಂದಲೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಸಂಘವು ಹುಟ್ಟಿತು. ಬಿದ್ದು ಎದ್ದವನ ಮಾತು ಬಿದ್ದವನಿಗೆ ಬೇಗನೆ ನಾಟುವುದು. ಆಡಿದವನನ್ನೂ ಅದು ಕಾಯುವುದು.

ಈ ತತ್ತ್ವವನ್ನು ನಮ್ಮ ನಾಡಿನಲ್ಲಿಯೂ ಕಾಣಬಹುದು. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಹಯೋಗದಿಂದ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರವು ಮುಗಿದೊಡನೆ ಶಿಬಿರಾರ್ಥಿಯು ಹಳೆಯ ಗೆಳೆಯರ, ಹಳೆಯ ಅಂಗಡಿಯ ಊರಿಗೇ ಮರಳಬೇಕು. ಅಪಾಯವಿರುವುದು ಅಲ್ಲಿಯೇ. ಆದುದರಿಂದ ಪಾನಮುಕ್ತರು 'ನವಜೀವನ ಸಮಿತಿ'ಗಳಾಗಿ ಕೂಡಿ ಒಬ್ಬರನ್ನೊಬ್ಬರು ಕಾಯುವರು. ಶಿಬಿರವು ಕೊಟ್ಟ ಸಂಕಲ್ಪವು ವರ್ಷಾಂತರಗಳಲ್ಲಿ ಬಾಳುವುದು ಇಂತಹ ಸಂಗದಿಂದಲೇ.